೪೨೯,೪೯,೬೭,೨೯೭ ಎಂಬ ಸಂಖ್ಯೆಯ ವಿಚಾರ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಗಣಿತದ ಯಾವುದಾದರೊಂದು ವಿಷಯವನ್ನು ಕುರಿತು ಬರೆಯಬೇಕೆಂದು ಅಪ್ಪಣೆಯಾದಾಗ, ತ್ರೈರಾಶಿಯನ್ನಾಗಲಿ ಬಡ್ಡಿಲೆಕ್ಕವನ್ನಾಗಲಿ ಆರಿಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅವುಗಳಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರು ಆಗಲೇ ಸಾಕಷ್ಟು ಕಷ್ಟಪಟ್ಟಿದ್ದಾರೆ. ಆದುದರಿಂದ ಒಂದೇ ಒಂದು ಸಂಖ್ಯೆಯನ್ನು ಹಿಡಿದು ಅದರ ಗುಣಗಳನ್ನು ವಿಚಾರಿಸುವೆನು. ಮೇಲೆ ಬರೆದಿರುವ ಆ ಸಂಖ್ಯೆಯನ್ನು ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರುವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು ಎಂದು ಓದತಕ್ಕದ್ದು. ವಾಚಕರು ಒಂದು ಕಾಗದವನ್ನೂ ಪೆನ್ಸಿಲನ್ನೂ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಯಾಕಂದರೆ ಈ ಲೇಖನದಲ್ಲಿ ನನ್ನ ಮಾತನ್ನು ಸುಮ್ಮನೆ ನಂಬಬೇಕಾದ ಸ್ಥಳಗಳು ಕೆಲವು, ತಾವೇ ಮಾಡಿ ನೋಡತಕ್ಕ ಸ್ಥಳಗಳು ಹಲವು.

ಚದುರಂಗದ ಮಣೆಯ ಕಥೆಯನ್ನು ಎಲ್ಲರೂ ಬಲ್ಲರು. ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರುವತ್ತನಾಲ್ಕು ಮನೆಗಳಿಗೂ ಇಮ್ಮಡಿಸುತ್ತ ಕಾಳು ಕೊಡಬೇಕೆಂದು ಬೇಡಿದ ಜಾಣನ ಕಥೆ ಅದು. ಅರಸನ ಕಣಜ ಬರಿದಾದುದನ್ನು ಬಿಟ್ಟು, ಮಣೆಯ ಅರ್ಧವನ್ನು ಮಾತ್ರ ನೋಡೋಣ. ಮೊದಲನೆಯ ಮೂವತ್ತೆರಡು ಮನೆಗಳಲ್ಲಿರುವ ಕಾಳುಗಳನ್ನೆಲ್ಲ ಕೂಡಿಸಿದರೆ ೪೨೯,೪೯,೬೭,೨೯೫ ಆಗುತ್ತದೆ. ನಮ್ಮ ಸಂಖ್ಯೆಯು ಅದಕ್ಕಿಂತ ಎರಡೇ ಹೆಚ್ಚು. ಮೂವತ್ತಮೂರನೆಯ ಮನೆಯೊಂದರಲ್ಲಿಯೇ ಇರುವ ಕಾಳುಗಳಿಗಿಂತ ಒಂದು ಹೆಚ್ಚು ಎಂದರೂ ಸರಿಯೇ. ಈ ನೆರೆಯ ಸಂಖ್ಯೆಯ ಮಾತು ಮುಂದೆ ಮತ್ತೊಮ್ಮೆ ಬರುವುದು.

ಇದೇ ಸಂಖ್ಯೆಗೆ ಇನ್ನೊಂದು ದಾರಿಯಿಂದಲೂ ಬರಬಹುದು. ೨ನ್ನು ತೆಗೆದುಕೊಂಡು ವರ್ಗ ಮಾಡಿದರೆ ೪. ಅದರ ವರ್ಗ ೧೬, ಅದರ ವರ್ಗ ೨೫೬, ಅದರ ವರ್ಗ ೬೫,೫೩೬, ಅದರ ವರ್ಗ ೪೨೯,೪೯,೬೭,೨೯೬. ಇವುಗಳಲ್ಲಿ ಒಂದೊಂದಕ್ಕೂ ೧ನ್ನು ಕೂಡಿಸಿದರೆ ದೊರೆಯುವ ಸಾಲು ಇದು:

೩, ೫, ೧೭, ೨೫೭, ೬೫,೫೩೭, ೪೨೯,೪೯,೬೭,೨೯೭

ಮೊದಲನೆಯ ಮೂರೂ ಅವಿಭಾಜ್ಯಗಳೆಂಬುದನ್ನು, ಅಂದರೆ ಒಂದರಿಂದಲೂ ತಮ್ಮಿಂದಲೂ ಹೊರತು ಬೇರೆ ಯಾವ ಪೂರ್ಣಾಂಕದಿಂದಲೂ ನಿಶ್ಶೇಷವಾಗಿ ಭಾಗವಾಗವೆಂಬುದನ್ನು, ಚಿಕ್ಕ ಮಕ್ಕಳೂ ಹೇಳುವರು. ೨೫೭ ಸಹ ಅವಿಭಾಜ್ಯವೇ. ೧೩ರ ವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ೬೫,೫೩೭ಕ್ಕೆ ಹೆಚ್ಚು ಶ್ರಮ ಬೇಕು, ಆದರೆ ಅದೂ ಅವಿಭಾಜ್ಯವೇ. ಹಾಗಾದರೆ ಆರನೆಯದು?

ಫ್ರಾನ್ಸ್ ದೇಶದ ತೂಲೂಸ್ ಪಟ್ಟಣದಲ್ಲಿ ನ್ಯಾಯಸ್ಥಾನದ ಸದಸ್ಯನಾಗಿದ್ದ ಪಿಯರ್ ದ ಫರ್ಮಾ ಎಂಬವನು ೧೬೪೦ರಲ್ಲಿ ಈ ಸಾಲನ್ನು ಕುರಿತು ತನ್ನ ಮಿತ್ರನಾದ ಫ್ರೆನಿಕ್ಲನಿಗೆ ಬರೆದನು. ವೃತ್ತಿಯಿಂದ ವಕೀಲನಾದರೂ ಆತನು ಆ ಶತಮಾನದ ಮಹಾ ಗಣಿತಜ್ಞರಲ್ಲಿ ಒಬ್ಬನು. ಈ ಸಾಲು ಎಷ್ಟು ದೂರ ಹೋದರೂ ಎಲ್ಲವೂ ಅವಿಭಾಜ್ಯಗಳೇ ಎಂದು ಆತನ ನಂಬಿಕೆ. ಪೂರ್ಣವಾದ ಸಾಧನೆಯು ತನಗೆ ದೊರೆತಿಲ್ಲವೆಂಬುದನ್ನೂ ಆತನು ಮುಚ್ಚಿಡದೆ ಬರೆದಿದ್ದಾನೆ. ಆದಾಗ್ಯೂ ದೊಡ್ಡವರ ನಂಬಿಕೆಗೆ ಒಂದು ತೂಕವುಂಟು. ಅವರು ಸಂದೇಹದಿಂದ ಹೇಳಿದ್ದನ್ನು ಮುಂದಿನವರು ನಿಶ್ಚಯವೆಂದು ಹೇಳಿಬಿಡುವರು.

ನಾನೂ ಹಾಗೆಯೇ ಹೇಳಿದವಳು. ಅಧ್ಯಾಪಕಿಯಾದ ಹೊಸದರಲ್ಲಿ ಅವಿಭಾಜ್ಯಗಳ ಪಾಠ ಮಾಡುತ್ತ, ಈ ಆರು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆದು, ಇವೆಲ್ಲವೂ ಅವಿಭಾಜ್ಯಗಳು, ಫರ್ಮಾ ಎಂಬ ಪಂಡಿತನು ಕಂಡುಹಿಡಿದನು ಎಂದು ತರಗತಿಗೆ ತಿಳಿಸಿದೆನು. ಎಲ್ಲಿಯೋ ಓದಿದ ಅರ್ಧ ನೆನಪು ಅದು. ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, “ಕೊನೆಯದನ್ನು ನೀವು ಭಾಗಿಸಿ ನೋಡಿದ್ದೀರಾ, ಟೀಚರೇ?” ಎಂದು ಕೇಳಿದಳು. ಉದ್ಧಟತನದಿಂದ ಕೇಳಿದುದಲ್ಲ, ಅಷ್ಟು ದೊಡ್ಡ ಲೆಕ್ಕವನ್ನು ಮಾಡಿದವರು ಯಾರೆಂದು ಅವಳಿಗೆ ನಿಜವಾಗಿಯೇ ಆಶ್ಚರ್ಯವಾಗಿತ್ತು. “ನಾನು ನೋಡಿಲ್ಲ ಮಗೂ, ಬೇಕಾದರೆ ನೀನೇ ನೋಡು” ಎಂದು ನಾನು ನಗುತ್ತ ಹೇಳಿ ಪಾಠವನ್ನು ಮುಂದುವರಿಸಿದೆನು.

ಅವಳು ನೋಡಿಯೇ ಬಿಟ್ಟಳು. ಮೊದಲು ಒಂದರಿಂದ ಸಾವಿರದ ವರೆಗೆ ಬರೆದು, ಜರಡಿ ಹಿಡಿಯುವ ಕ್ರಮದಿಂದ ಅವಿಭಾಜ್ಯಗಳ ಪಟ್ಟಿಯನ್ನು ಮಾಡಿಕೊಂಡಳು. ಸಂಖ್ಯೆಯು ಬೆಸವಾದುದರಿಂದ ೨ ಬೇಡ. ಅಂಕಗಳ ಮೊತ್ತ ೫೯ ಆದುದರಿಂದ ೩ ಬೇಡ. ಕೊನೆಯ ಅಂಕ ೭ ಆದುದರಿಂದ ೫ ಬೇಡ. ಅಲ್ಲಿಂದ ಮುಂದೆ ೭, ೧೧, ೧೩ ಎಂದು ಒಂದೊಂದರಿಂದಲೂ ಭಾಗಿಸುತ್ತ ದಿನಕ್ಕೆ ಹತ್ತು ಹನ್ನೆರಡರಂತೆ ಮಾಡಿದಳು. ಹತ್ತು ದಿನಗಳಾದ ಮೇಲೆ ತನ್ನ ರಫ್ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟು, ಏನೂ ಹೇಳದೆ ನಿಂತುಕೊಂಡಳು. ಕೊನೆಯ ಪುಟದಲ್ಲಿ ಭಾಜಕದ ಸ್ಥಾನದಲ್ಲಿ ೬೪೧, ಶೇಷದ ಸ್ಥಾನದಲ್ಲಿ ಸೊನ್ನೆ ಇತ್ತು.

ಆ ಭಾಗಾಕಾರವನ್ನು ವಾಚಕರೂ ಮಾಡಿ ನೋಡಲಿ. ೪೨೯೪ರಲ್ಲಿ ೬೪೧ ಆರು ಸಲ ಹೋಗಿ ೪೪೮ ಉಳಿಯುತ್ತದೆ. ೯ನ್ನು ಇಳಿಸಿದರೆ ೪೪೮೯. ಏಳು ಸಲ ಹೋಗಿ ೨ ಉಳಿಯುತ್ತದೆ. ೬ನ್ನು ಇಳಿಸಿದರೆ ೨೬, ೭ನ್ನು ಇಳಿಸಿದರೆ ೨೬೭; ಎರಡು ಸಲವೂ ಭಾಗಲಬ್ಧದಲ್ಲಿ ಸೊನ್ನೆ. ೨ನ್ನು ಇಳಿಸಿದರೆ ೨೬೭೨. ನಾಲ್ಕು ಸಲ ಹೋಗಿ ೧೦೮. ೯ನ್ನು ಇಳಿಸಿದರೆ ೧೦೮೯. ಒಂದು ಸಲ ಹೋಗಿ ಪುನಃ ೪೪೮. ಕೊನೆಯ ೭ನ್ನು ಇಳಿಸಿದರೆ ೪೪೮೭. ಅದು ಸರಿಯಾಗಿ ೬೪೧ರ ಏಳರಷ್ಟು. ಶೇಷವೇನೂ ಇಲ್ಲ. ಆದುದರಿಂದ

೪೨೯,೪೯,೬೭,೨೯೭ = ೬೪೧ × ೬೭,೦೦,೪೧೭

ಮರುದಿನ ನಾನು ತರಗತಿಯಲ್ಲಿ ಹಿಂದಿನ ಪಾಠವನ್ನು ತಿದ್ದಿದೆನು, ಮತ್ತು ತಿದ್ದಿದವರು ಯಾರೆಂಬುದನ್ನೂ ಹೇಳಿದೆನು. ಬಳಿಕ ಗ್ರಂಥಗಳನ್ನು ತೆರೆದು ನೋಡಿದಾಗ, ನಮ್ಮ ಹುಡುಗಿ ಕಂಡ ಈ ಅಪವರ್ತನವನ್ನು ಲಿಯೊನಾರ್ಡ್ ಆಯ್ಲರನು ೧೭೩೨ರಲ್ಲಿ ಲೋಕಕ್ಕೆ ತಿಳಿಸಿದ್ದನೆಂದು ತಿಳಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆಯ್ಲರನು ಆಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದನು. ಅವನ ವಯಸ್ಸು ಇಪ್ಪತ್ತೈದು. ೧೭೨೯ರಲ್ಲಿ ಗೋಲ್ಡ್‌ಬಾಕ್ ಎಂಬ ಮಿತ್ರನು, ಫರ್ಮಾನ ಈ ಮಾತು ನಿಮಗೆ ಗೊತ್ತುಂಟೋ ಎಂದು ಪತ್ರದಲ್ಲಿ ವಿಚಾರಿಸಿದ್ದೇ ಆಯ್ಲರನ ಪ್ರಯತ್ನಕ್ಕೆ ಪ್ರೇರಣೆ. ಫರ್ಮಾನು ಬರೆದು ಆಗಲೇ ತೊಂಬತ್ತು ವರ್ಷಗಳಾಗುತ್ತ ಬಂದಿದ್ದವು.

ಈ ತೊಂಬತ್ತು ವರ್ಷಗಳನ್ನು ನೆನಸಿದರೆ ನನಗೆ ಈಗಲೂ ವಿಸ್ಮಯವಾಗುತ್ತದೆ. ೬೪೧ ಎಂಬುದು ಅವಿಭಾಜ್ಯಗಳ ಪಟ್ಟಿಯಲ್ಲಿ ೧೧೬ನೆಯದು. ನಮ್ಮ ಸಂಖ್ಯೆಯು ಅವಿಭಾಜ್ಯವೆಂದು ಈ ಕ್ರಮದಿಂದ ಸಿದ್ಧಮಾಡಬೇಕಾಗಿದ್ದರೆ ಅದರ ವರ್ಗಮೂಲದ ವರೆಗೆ, ಅಂದರೆ ೬೫,೫೩೬ರ ವರೆಗೆ ಇರುವ ೬,೫೪೨ ಅವಿಭಾಜ್ಯಗಳಿಂದಲೂ ಭಾಗಿಸಬೇಕಾಗುತ್ತಿತ್ತು. ಅದು ಒಬ್ಬರ ಕೈಯ ಕೆಲಸವಲ್ಲ. ಆದರೆ ಅಲ್ಲವೆಂದು ತಿಳಿಯಲು ೧೧೬ ಭಾಗಾಕಾರಗಳಷ್ಟೇ ಸಾಕಾಗಿದ್ದವು. ಶಾಲೆಯ ಹುಡುಗಿಯೊಬ್ಬಳು ಹತ್ತು ಸಾಯಂಕಾಲಗಳಲ್ಲಿ ಮಾಡಿದ ಕೆಲಸ ಅದು.

ಇನ್ನೂ ಹೆಚ್ಚಿನ ವಿಸ್ಮಯವೇನೆಂದರೆ, ೧೧೬ನ್ನು ಐದಕ್ಕೆ ಇಳಿಸುವ ಸಾಧನವು ಫರ್ಮಾನ ಕೈಯಲ್ಲಿಯೇ ಇತ್ತು. ಅದೇ ೧೬೪೦ರಲ್ಲಿ, ಅದೇ ಫ್ರೆನಿಕ್ಲನಿಗೆ, ಆತನು ಇನ್ನೊಂದು ಸಿದ್ಧಾಂತವನ್ನು ಬರೆದಿದ್ದನು. ಅದನ್ನು ಉದಾಹರಣೆಯಿಂದ ತಿಳಿಸುವೆನು. ೨, ೪, ೮, ೧೬, ೩೨ ಎಂದು ಇಮ್ಮಡಿಸುತ್ತ ಹೋಗಿ ಪ್ರತಿಯೊಂದನ್ನೂ ೧೭ರಿಂದ ಭಾಗಿಸಿದರೆ ಉಳಿಯುವ ಶೇಷಗಳು ಕ್ರಮವಾಗಿ ೨, ೪, ೮, ೧೬, ೧೫, ೧೩, ೯, ೧. ಒಂದಕ್ಕೆ ಬಂದ ಮೇಲೆ ಪುನಃ ೨, ೪, ೮ ಎಂದು ಅದೇ ಚಕ್ರವು ತಿರುಗುತ್ತದೆ. ಚಕ್ರದ ಉದ್ದ ೮. ಈ ೮ ಎಂಬುದು ೧೭ಕ್ಕಿಂತ ಒಂದು ಕಡಿಮೆಯಾದ ೧೬ನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ೨ರ ಹೊರತು ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಹೀಗೆಯೇ ಆಗುವುದು: ಚಕ್ರದ ಉದ್ದವು ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಭಾಗಿಸಲೇಬೇಕು. ಇದು ಫರ್ಮಾನ ಸಿದ್ಧಾಂತದ ಫಲ.

ಈಗ ನಮ್ಮ ಸಂಖ್ಯೆಗೆ ಒಂದು ಅವಿಭಾಜ್ಯ ಭಾಜಕವಿದೆ ಎಂದು ಇಟ್ಟುಕೊಳ್ಳಿರಿ. ೨ನ್ನು ಮೂವತ್ತೆರಡು ಸಲ ಗುಣಿಸಿ ಬಂದುದಕ್ಕೆ ೧ ಕೂಡಿಸಿದರೆ ಅದು ನಿಶ್ಶೇಷವಾಗಿ ಭಾಗವಾಗುತ್ತದೆ. ಅಂದರೆ ಇಮ್ಮಡಿಸುವ ಸಾಲಿನ ಮೂವತ್ತೆರಡನೆಯ ಹೆಜ್ಜೆಯಲ್ಲಿ ಭಾಜಕಕ್ಕೆ ಒಂದು ಕಡಿಮೆಯಾಗಿ ಶೇಷ ಉಳಿಯುತ್ತದೆ. ಅದನ್ನು ವರ್ಗ ಮಾಡಿದರೆ, ಅಂದರೆ ಅರುವತ್ತನಾಲ್ಕನೆಯ ಹೆಜ್ಜೆಯಲ್ಲಿ, ಶೇಷ ೧. ಆದುದರಿಂದ ಚಕ್ರದ ಉದ್ದವು ೬೪ನ್ನು ಭಾಗಿಸುವ ಸಂಖ್ಯೆಯಾಗಿರಬೇಕು. ಅದು ೩೨ ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಮೂವತ್ತೆರಡನೆಯ ಹೆಜ್ಜೆಯಲ್ಲಿಯೂ ಶೇಷ ೧ ಆಗಬೇಕಾಗಿತ್ತು, ಆಗಿಲ್ಲ. ಹಾಗಾದರೆ ಚಕ್ರದ ಉದ್ದ ೬೪ ಎಂಬುದು ನಿಶ್ಚಯ. ಆದಕಾರಣ ನಾವು ಹುಡುಕುವ ಭಾಜಕವು ೬೪ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರತಕ್ಕದ್ದು. ಆಯ್ಲರನು ಮುಂದೆ ಇದನ್ನೇ ಬರೆದು ಸಾಧಿಸಿದನು.

೬೪ರ ಮಗ್ಗಿಗೆ ಒಂದೊಂದನ್ನು ಕೂಡಿಸಿದರೆ ೬೫, ೧೨೯, ೧೯೩, ೨೫೭, ೩೨೧, ೩೮೫, ೪೪೯, ೫೧೩, ೫೭೭, ೬೪೧. ಇವುಗಳಲ್ಲಿ ಅವಿಭಾಜ್ಯಗಳು ಐದೇ. ನಮ್ಮ ಸಂಖ್ಯೆಯನ್ನು ೧೯೩ರಿಂದ ಭಾಗಿಸಿದರೆ ಶೇಷ ೧೦೯, ೨೫೭ರಿಂದ ಭಾಗಿಸಿದರೆ ೨, ೪೪೯ರಿಂದ ೩೨೫, ೫೭೭ರಿಂದ ೨೮೮, ೬೪೧ರಿಂದ ಸೊನ್ನೆ. ಮಗ್ಗಿಯ ಹತ್ತನೆಯ ಮೆಟ್ಟಿಲಿನಲ್ಲಿ, ಐದನೆಯ ಭಾಗಾಕಾರದಲ್ಲಿ, ಕೆಲಸ ಮುಗಿಯಿತು. ಇನ್ನೊಂದು ಅಪವರ್ತನವಾದ ೬೭,೦೦,೪೧೭ ಅವಿಭಾಜ್ಯವೋ ಎಂಬ ಪ್ರಶ್ನೆಗೂ ಇದೇ ಮಗ್ಗಿಯು ಉತ್ತರ ಕೊಡುತ್ತದೆ. ಅದರ ವರ್ಗಮೂಲವು ೨,೫೮೮ಕ್ಕಿಂತ ಸ್ವಲ್ಪ ಹೆಚ್ಚು. ೬೪೧ರಿಂದ ಅಲ್ಲಿಯ ವರೆಗೆ ಈ ಸಾಲಿನಲ್ಲಿರುವ ಅವಿಭಾಜ್ಯಗಳು ೬೪೧, ೭೬೯, ೧,೧೫೩, ೧,೨೧೭, ೧,೪೦೯, ೧,೬೦೧, ೨,೧೧೩ ಎಂಬ ಏಳು ಮಾತ್ರ. ಯಾವುದೂ ಅದನ್ನು ಭಾಗಿಸುವುದಿಲ್ಲ. ಆದುದರಿಂದ ಅದು ಅವಿಭಾಜ್ಯವೇ, ಮತ್ತು ನಮ್ಮ ಸಂಖ್ಯೆಗೆ ಅವಿಭಾಜ್ಯ ಭಾಜಕಗಳು ಎರಡಲ್ಲದೆ ಮೂರನೆಯದಿಲ್ಲ.

ಸ್ವಂತ ಸಿದ್ಧಾಂತವನ್ನು ಸ್ವಂತ ನಂಬಿಕೆಗೆ ಹಚ್ಚಿ ನೋಡಲು ಫರ್ಮಾನಿಗೆ ಯಾಕೆ ತೋಚಲಿಲ್ಲವೋ, ಅಥವಾ ತೋಚಿಯೂ ಎಲ್ಲಿಯಾದರೂ ಭಾಗಾಕಾರದಲ್ಲಿ ಕೈತಪ್ಪಿತೋ, ಹೇಳುವವರು ಯಾರು? ಕೈತಪ್ಪುವುದು ನಮ್ಮ ವಿದ್ಯಾರ್ಥಿನಿಯರ ಪಾಲಿಗೆ ಮಾತ್ರ ಬಂದುದಲ್ಲವೆಂದು ಕೆಲವರಿಗೆ ಸಮಾಧಾನವಾಗಬಹುದು.

ಭಾಗಾಕಾರವನ್ನೇ ಮಾಡದೆ ೬೪೧ರ ವಿಷಯವನ್ನು ಸಾಧಿಸುವ ಒಂದು ಚೆಲುವಾದ ಉಪಾಯವೂ ಉಂಟು. ಬೀಜಗಣಿತವನ್ನು ಪೂರ್ತಿ ಮರೆತಿರದವರು ಇದನ್ನು ಅನುಸರಿಸಬಹುದು. ೬೪೧ನ್ನು ಎರಡು ವಿಧವಾಗಿ ಬರೆಯಬಹುದು: ೬೪೦ಕ್ಕೆ ೧ ಕೂಡಿಸಿ; ಅಥವಾ ೫ರ ನಾಲ್ಕನೆಯ ಘಾತವಾದ ೬೨೫ಕ್ಕೆ ೨ರ ನಾಲ್ಕನೆಯ ಘಾತವಾದ ೧೬ನ್ನು ಕೂಡಿಸಿ. ೬೪೦ ಎಂಬುದಾದರೋ ೫ನ್ನು ೨ರ ಏಳನೆಯ ಘಾತವಾದ ೧೨೮ರಿಂದ ಗುಣಿಸಿದ ಲಬ್ಧ. ಒಂದು ಸಂಖ್ಯೆಯ ವರ್ಗದಿಂದ ೧ನ್ನು ಕಳೆದರೆ ಉಳಿಯುವುದು ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗವಾಗುತ್ತದೆಂದು ನಾವು ಕಲಿತಿದ್ದೇವೆ. ನಾಲ್ಕನೆಯ ಘಾತದಿಂದ ೧ನ್ನು ಕಳೆದರೂ ಹಾಗೆಯೇ. ಆದುದರಿಂದ ೬೪೦ರ ನಾಲ್ಕನೆಯ ಘಾತದಿಂದ ೧ನ್ನು ಕಳೆದ ೧೬೭೭೭,೨೧,೫೯,೯೯೯ ಎಂಬುದು ೬೪೧ರಿಂದ ಭಾಗವಾಗುತ್ತದೆ. ಇದು ಒಂದು ಮಾತು.

ಇನ್ನೊಂದು ಮಾತು: ೬೪೧ನ್ನು ೨ರ ಇಪ್ಪತ್ತೆಂಟನೆಯ ಘಾತವಾದ ೨೬,೮೪,೩೫,೪೫೬ರಿಂದ ಗುಣಿಸಿದರೆ ೧೭೨೦೬,೭೧,೨೭,೨೯೬. ಇದೂ ೬೪೧ರಿಂದ ಭಾಗವಾಗುವುದೆಂದು ಹೇಳಬೇಕಾದುದಿಲ್ಲ. ಇದರೊಳಗೆ ಎರಡು ತುಂಡುಗಳಿವೆ. ೬೨೫ನ್ನು ಗುಣಿಸಿ ಬಂದ ತುಂಡು ೬೪೦ರ ನಾಲ್ಕನೆಯ ಘಾತವೇ. ೧೬ನ್ನು ಗುಣಿಸಿ ಬಂದ ತುಂಡು ೨ರ ಮೂವತ್ತೆರಡನೆಯ ಘಾತ. ಎರಡನೆಯ ಮಾತಿನ ಸಂಖ್ಯೆಯಿಂದ ಮೊದಲನೆಯ ಮಾತಿನ ಸಂಖ್ಯೆಯನ್ನು ಕಳೆಯಿರಿ:

೧೭೨೦೬,೭೧,೨೭,೨೯೬ − ೧೬೭೭೭,೨೧,೫೯,೯೯೯ = ೪೨೯,೪೯,೬೭,೨೯೭

೬೪೧ರಿಂದ ಭಾಗವಾಗುವ ಎರಡರ ಅಂತರವೂ ೬೪೧ರಿಂದ ಭಾಗವಾಗಲೇಬೇಕಲ್ಲವೇ? ನಾನು ಇದನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದರೂ ಬೇಸರವಾದದ್ದಿಲ್ಲ.

ಮೊದಲು ಹೇಳಿದ ನೆರೆಯ ಸಂಖ್ಯೆಗೆ ಈಗ ಬರೋಣ. ೩ನ್ನು ೫ರಿಂದ ಗುಣಿಸಿದರೆ ೧೫. ಅದು ೧೭ಕ್ಕಿಂತ ಎರಡು ಕಡಿಮೆ. ೧೫ನ್ನು ೧೭ರಿಂದ ಗುಣಿಸಿದರೆ ೨೫೫. ಅದು ೨೫೭ಕ್ಕಿಂತ ಎರಡು ಕಡಿಮೆ. ೨೫೫ನ್ನು ೨೫೭ರಿಂದ ಗುಣಿಸಿದರೆ ೬೫,೫೩೫. ಅದನ್ನು ೬೫,೫೩೭ರಿಂದ ಗುಣಿಸಿದರೆ ೪೨೯,೪೯,೬೭,೨೯೫, ಅರ್ಧ ಚದುರಂಗದ ಕಾಳುಗಳ ಮೊತ್ತ. ಹೀಗೆ ಈ ಸಾಲಿನ ಪ್ರತಿಯೊಂದು ಸಂಖ್ಯೆಯೂ ತನಗಿಂತ ಹಿಂದಿನವುಗಳೆಲ್ಲದರ ಗುಣಲಬ್ಧಕ್ಕಿಂತ ಎರಡು ಹೆಚ್ಚು. ಆದುದರಿಂದಲೇ ೨೫೭ರಿಂದ ಭಾಗಿಸಿದಾಗ ೨ ಉಳಿಯಿತು. ೩, ೫, ೧೭, ೬೫,೫೩೭ ಇವುಗಳಿಂದ ಭಾಗಿಸಿದರೂ ಆ ೨ ಉಳಿಯುವುದು.

ಇದು ಕೇವಲ ವಿನೋದವಲ್ಲ. ಕೈವಾರ ಮತ್ತು ನೇರಪಟ್ಟಿ ಎರಡರಿಂದಲೇ ಸಮಬಾಹು ತ್ರಿಭುಜವನ್ನೂ ಸಮಪಂಚಭುಜವನ್ನೂ ರಚಿಸುವುದನ್ನು ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಲಿಸಿದನು. ಅಲ್ಲಿಂದ ಮುಂದೆ ಹೋಗುವ ದಾರಿ ಯಾರಿಗೂ ಕಾಣಲಿಲ್ಲ. ೧೭೯೬ರಲ್ಲಿ ಜರ್ಮನಿಯ ಗೌಸನು, ಹತ್ತೊಂಬತ್ತು ವರ್ಷವೂ ತುಂಬದ ಹುಡುಗನು, ಹದಿನೇಳು ಭುಜಗಳ ಸಮಾಕೃತಿಯನ್ನು ಹಾಗೆಯೇ ರಚಿಸಬಹುದೆಂದು ಸಾಧಿಸಿದನು. ಭುಜಗಳ ಸಂಖ್ಯೆಯು ಅವಿಭಾಜ್ಯ ಬೆಸ ಸಂಖ್ಯೆಯಾಗಿದ್ದರೆ, ಅದು ನಮ್ಮ ಫರ್ಮಾ ಸಾಲಿನಲ್ಲಿಯೇ ಇರಬೇಕು. ಇಲ್ಲವಾದರೆ ರಚನೆ ಸಾಧ್ಯವಿಲ್ಲ. ಸಾಧ್ಯವಿಲ್ಲವೆಂಬ ಭಾಗವನ್ನು ೧೮೩೭ರಲ್ಲಿ ವಾಂಟ್ಸೆಲನು ಸಿದ್ಧಮಾಡಿದನು. ಏಳು ಭುಜಗಳ ಸಮಾಕೃತಿಯನ್ನು ಕೈವಾರದಿಂದ ನಿಖರವಾಗಿ ರಚಿಸಲು ಆಗದಿರುವುದು ಇದರಿಂದಲೇ. ಹರ್ಮೆಸ್ ಎಂಬ ಜರ್ಮನ್ ವಿದ್ವಾಂಸನು ೬೫,೫೩೭ ಭುಜಗಳ ಆಕೃತಿಯ ರಚನೆಯನ್ನು ಬರೆಯುವುದರಲ್ಲಿ ಹತ್ತು ವರ್ಷಗಳನ್ನು ಕಳೆದನು. ಆ ಹಸ್ತಪ್ರತಿಯು ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಅದನ್ನು ಪೂರ್ತಿ ಓದಿದವರು ಇದ್ದಾರೆಯೇ ಎಂದು ನನಗೆ ಸಂದೇಹ.

ತಿಳಿದಿರುವ ಐದು ಅವಿಭಾಜ್ಯಗಳನ್ನು ಒಂದೊಂದನ್ನು ಒಂದೇ ಸಲದಂತೆ ಬೇರೆ ಬೇರೆ ರೀತಿಗಳಲ್ಲಿ ಗುಣಿಸಿದರೆ ಮೂವತ್ತೊಂದು ಬೆಸ ಸಂಖ್ಯೆಗಳು ದೊರೆಯುತ್ತವೆ. ರಚಿಸಬಹುದೆಂದು ತಿಳಿದಿರುವ ಬೆಸ ಭುಜಗಳ ಸಮಾಕೃತಿಗಳು ಇಷ್ಟೇ. ಇವುಗಳಲ್ಲಿ ದೊಡ್ಡದಕ್ಕೆ ೪೨೯,೪೯,೬೭,೨೯೫ ಭುಜಗಳು. ಫರ್ಮಾನ ನಂಬಿಕೆ ನಿಜವಾಗಿದ್ದರೆ ಅದರ ಆಚೆಗೆ ಎರಡೇ ಹೆಜ್ಜೆಯಲ್ಲಿ ನಮ್ಮ ಸಂಖ್ಯೆಯ ಸಮಾಕೃತಿಯೂ ರಚಿಸತಕ್ಕದ್ದಾಗುತ್ತಿತ್ತು. ೬೪೧ ಎಂಬ ಮೂರಂಕಿಯ ಸಂಖ್ಯೆ ಆ ಬಾಗಿಲನ್ನು ಮುಚ್ಚಿತು.

ಇಲ್ಲಿ ಒಬ್ಬ ಬಾಲಕನ ಮಾತನ್ನು ಹೇಳದೆ ಬಿಡಲಾರೆನು. ಅಮೇರಿಕದ ವರ್ಮಾಂಟಿನಲ್ಲಿ ೧೮೦೪ರಲ್ಲಿ ಹುಟ್ಟಿದ ಜೆರಾ ಕೋಲ್‌ಬರ್ನನು ಎಳೆಯ ಪ್ರಾಯದಲ್ಲಿಯೇ ಮನಸ್ಸಿನಲ್ಲಿ ದೊಡ್ಡ ದೊಡ್ಡ ಲೆಕ್ಕಗಳನ್ನು ಮಾಡುತ್ತಿದ್ದನು. ಅವನ ತಂದೆಯು ಅವನನ್ನು ಲಂಡನಿಗೆ ಕರೆತಂದಾಗ ಇದೇ ಸಂಖ್ಯೆಯನ್ನು ಅವನ ಮುಂದಿಟ್ಟರು. ಅವನು ಕಾಗದವನ್ನು ಮುಟ್ಟದೆ ೬೪೧ ಅದನ್ನು ಭಾಗಿಸುವುದೆಂದು ಹೇಳಿದನಂತೆ. ಹೇಗೆ ತಿಳಿಯಿತೆಂದು ಕೇಳಿದರೆ ಆಗ ಅವನಿಗೆ ವಿವರಿಸಲು ತಿಳಿಯುತ್ತಿರಲಿಲ್ಲ. ಅದು ಅದ್ಭುತವೇ ಹೌದು. ಆದರೂ ನನ್ನನ್ನು ಕೇಳಿದರೆ, ಹತ್ತು ದಿನಗಳ ಲೆಕ್ಕವನ್ನು ಸಾಲುಸಾಲಾಗಿ ತೋರಿಸಬಲ್ಲ ಆ ರಫ್ ಪುಸ್ತಕವೇ ನನಗೆ ಹೆಚ್ಚು ಇಷ್ಟ.

ಫರ್ಮಾನ ಸಾಲು ಇಲ್ಲಿಗೆ ನಿಲ್ಲುವುದಿಲ್ಲ. ಆದರೆ ೬೫,೫೩೭ರ ಆಚೆಗೆ ಇಂದಿನ ವರೆಗೆ ಒಂದು ಅವಿಭಾಜ್ಯವೂ ದೊರೆತಿಲ್ಲ. ಈ ಸಾಲಿನಲ್ಲಿ ವಿಚಿತ್ರವಾದ ಸಂಖ್ಯೆಗಳೂ ಉಂಟು. ೨ರಿಂದ ಪ್ರಾರಂಭಿಸಿ ಇಪ್ಪತ್ತು ಸಲ ವರ್ಗ ಮಾಡಿ ಒಂದು ಕೂಡಿಸಿದ ಸಂಖ್ಯೆಗೆ ೩,೧೫,೬೫೩ ಅಂಕಗಳು. ಅದು ಅವಿಭಾಜ್ಯವಲ್ಲವೆಂದು ೧೯೮೭ರಲ್ಲಿ ಗಣಕಯಂತ್ರದ ಸಹಾಯದಿಂದ ನಿಶ್ಚಯವಾಯಿತು. ಆದರೆ ಅದನ್ನು ಭಾಗಿಸುವ ಒಂದು ಸಂಖ್ಯೆಯಾದರೂ ಈ ವರೆಗೆ ಯಾರಿಗೂ ಸಿಕ್ಕಿಲ್ಲ. ಭಾಗವಾಗುತ್ತದೆಂದು ಗೊತ್ತು, ಯಾವುದರಿಂದ ಎಂದು ಗೊತ್ತಿಲ್ಲ! ಮೂವತ್ತಮೂರು ಸಲ ವರ್ಗ ಮಾಡಿದ ಸಂಖ್ಯೆಯ ವಿಷಯದಲ್ಲಿಯಾದರೋ ಅಷ್ಟೂ ಗೊತ್ತಿಲ್ಲ.

ಆ ಹುಡುಗಿಯೂ ೬೪೧ರ ಮರುದಿನವೇ ಬಂದು, “ಏಳನೆಯದು, ಟೀಚರೇ?” ಎಂದು ಕೇಳಿದ್ದಳು. ಈ ಸಲ ನಾನು ಓದಿಕೊಂಡೇ ಉತ್ತರ ಕೊಟ್ಟೆನು. ಏಳನೆಯದು ೧೮೪೪೬೭೪೪೦೭೩೭೦೯೫೫೧೬೧೭, ಚದುರಂಗದ ಇಡೀ ಮಣೆಯ ಕಾಳುಗಳಿಗಿಂತ ಎರಡು ಹೆಚ್ಚು. ಲಾಂದ್ರಿ ಎಂಬ ಫ್ರೆಂಚ್ ಗಣಿತಜ್ಞನು ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ, ೧೮೮೦ರಲ್ಲಿ, ಅದರ ಭಾಜಕವಾದ ೨,೭೪,೧೭೭ನ್ನು ಕಂಡುಹಿಡಿದನು. ೨೫೬ನ್ನು ೧,೦೭೧ರಿಂದ ಗುಣಿಸಿ ೧ ಕೂಡಿಸಿದರೆ ಆ ಭಾಜಕವು ಬರುತ್ತದೆ. ಭಾಗಲಬ್ಧ ೬೭೨೮೦೪೨೧೩೧೦೭೨೧. ಪರೀಕ್ಷಿಸಬೇಕೆಂದು ಮನಸ್ಸಾದವರು ಫೂಲ್‌ಸ್ಕಾಪ್ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಲಿ. ನಿಲುವಾಗಿ ಇಟ್ಟರೆ ಭಾಗಾಕಾರವು ಅಂಚಿನಿಂದ ಆಚೆಗೆ ಹೋಗುತ್ತದೆ.